ಪೈಲಟ್‌ನದೇ ತಪ್ಪು

ಗಿಪ್ಸ್‌ಲ್ಯಾಂಡ್ ವಾಯುಪಡೆ ಶಿಬಿರ, 1943

ಅಕ್ಕಾ,

ಇಲ್ಲಿ ಬಾಂಬರ್ ಹಾರಿಸುವುದನ್ನು ಕಲಿಸುತ್ತಾರೆ ಎನ್ನುವುದು ಬರೀ ಹೆಸರಿಗೆ. ಬೀಳುವುದನ್ನು ನಾವೇ ಕಲಿಯುತ್ತಿದ್ದೇವೆ. ಯಾವ ವಿಮಾನ ಬಿದ್ದರೂ ವಿಚಾರಣೆಯಲ್ಲಿ ಹೊರಡುವ ಮಾತು ಒಂದೇ: ‘ಪೈಲಟ್‌ನದೇ ತಪ್ಪು.’ ಸತ್ತವನು ಎದ್ದು ಬಂದು ವಾದ ಮಾಡುತ್ತಾನೆಯೇ?

ನಿನ್ನೆ ನಮ್ಮ ಕಮಾಂಡರ್ ಸಾಹೇಬರು, ಇಳಿಯುವುದು ಹೇಗೆಂದು ತೋರಿಸುತ್ತೇನೆ ಎಂದು ನಮ್ಮನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿ ತಾವೇ ಹಾರಿದರು. ಇಳಿಯುವಾಗ ಚಕ್ರ ಬಿಡುವುದನ್ನೇ ಮರೆತರು! ವಿಮಾನ ಹೊಟ್ಟೆಯ ಮೇಲೆ ಜಾರಿ, ಬೇಲಿ ಮುರಿದುಕೊಂಡು ಹೋಗಿ ಕುರಿಗಳ ನಡುವೆ ನಿಂತಿತು. ಸಾಹೇಬರಿಗೆ ಒಂದು ಗೀರೂ ಇಲ್ಲ. ಮೀಸೆ ಮಾತ್ರ ನಡುಗುತ್ತಿತ್ತು.

“ಇದು ಯಾರ ತಪ್ಪು ಸಾರ್?” ಎಂದು ನಮ್ಮ ಗನ್ನರ್ ಡಾರ್ಸಿ ಏನೂ ಅರಿಯದವನಂತೆ ಕೇಳಿದ.

“ಯಂತ್ರದ್ದು ಕಣಯ್ಯಾ! ಚಕ್ರದ ಹಿಡಿ ಸಿಕ್ಕಿಹಾಕ್ಕೊಂಡಿತ್ತು.”

“ಓಹೋ! ಈ ವಿಮಾನಗಳಲ್ಲೂ ದೋಷ ಇರುತ್ತೆ ಅಂತ ಇವತ್ತು ಗೊತ್ತಾಯ್ತು ಸಾರ್.”

ಡಾರ್ಸಿಗೆ ವಾರವಿಡೀ ಕಕ್ಕಸು ತೊಳೆಯುವ ಶಿಕ್ಷೆ.

ನನ್ನ ಕಿವಿನೋವು ವಾಸಿಯಾಗಿದೆ. ಉಣ್ಣೆಯ ಕಾಲುಚೀಲ ಕಳಿಸು. ಶಿಬಿರದ ಅಂಚೆಗೆ ಹಾಕಿದರೆ ಈ ಕಾರ್ಡಿಗೆ ಸೆನ್ಸಾರ್‌ನವರ ಕತ್ತರಿ ಬೀಳುತ್ತದೆ. ಅದಕ್ಕೇ ಹಾಲಿನವನ ಕೈಗೆ ಕೊಡುತ್ತಿದ್ದೇನೆ. ಅವನ ಗಾಡಿ ಹೊರಡುತ್ತಿದೆ.

ಪಕ್ಕದ ಮನೆಯ ಮಿಸೆಸ್ ಪೆಡ್ಲರ್‌ಗೆ ಇದನ್ನು ಓದಿ ಹೇಳು. ಅವರ ಮಗ ಕ್ಲೆಮ್ ಸಮುದ್ರಕ್ಕೆ ಬಿದ್ದದ್ದು ಅವನದೇ ತಪ್ಪಿನಿಂದ ಎಂದು ಶಿಬಿರದವರು ಅವರಿಗೆ ಬರೆದಿದ್ದಾರೆ. “ವಿಮಾನದ ಬಾಲ ಮಾತು ಕೇಳ್ತಿಲ್ಲ ಕಣೋ ಬರ್ಟ್” ಎಂದು ಬೀಳುವ ಮುನ್ನ ಅವನು ಕೂಗಿದ್ದು ನನ್ನ ರೇಡಿಯೋಗೆ. ವಿಚಾರಣೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಅವನ ತಾಯಿಯಾದರೂ ಕೇಳಲಿ.

ನಿನ್ನ ತಮ್ಮ
ಬರ್ಟ್