ಮಾತು ಕೇಳದ ಕಾಲು

ಜೂನ್ 3, ಬೆಳಿಗ್ಗೆ 6.30
ಚಿಕ್ಕಜಾಜೂರು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಹನ್ನೆರಡು ಸಲ. ತೂಕ ಇಳಿಸಲು ಹೊರಟು ಇವತ್ತಿಗೆ ಐವತ್ತೊಂದನೇ ದಿನ. ಹಳಿ ಕಾಯುವ ಗ್ಯಾಂಗ್‌ಮನ್‌ಗಳಿಗಿಂತ ಹೆಚ್ಚು ನಡೆದಿದ್ದೇನೆ. ಏಳು ಕೆಜಿ ಇಳಿದಿದೆ. ಮುಖ ಬತ್ತಿದೆ, ರವಿಕೆ ಜೋಲುತ್ತಿದೆ. ಕಾಲು? ಅದೇ ಕಂಬ...

ಜೂನ್ 9
ಅತ್ತೆ ಹಪ್ಪಳ ಎಣಿಸಿ ಡಬ್ಬಿಗೆ ಹಾಕಿದ್ದಾರೆ. ಇವರು ನನ್ನಪ್ಪನ ಸ್ವಂತ ಅಕ್ಕ. ಸೋದರತ್ತೆಯ ಮಗನನ್ನು ಕಟ್ಟಿಕೊಂಡ ತಪ್ಪಿಗೆ ತವರಿನ ಬೈಗುಳ, ಗಂಡನ ಮನೆಯ ಬೈಗುಳ ಎರಡೂ ಒಂದೇ ಬಾಯಿಂದ.

ಕುರಿಸಂತೆಯಲ್ಲಿ ಒತ್ತಿ ನೋಡುವ ಹಾಗೆ ನನ್ನ ಬೆನ್ನು ಒತ್ತಿದರು, ಆಮೇಲೆ ತೊಡೆ. "ಮೇವು ಕಮ್ಮಿ ಆದ್ರೆ ಕುರಿ ಇಡೀ ಮೈ ಇಳೀತೈತೆ. ನಿಂದೇನೇ ರೋಜಾ, ಅರ್ಧ ಇಳಿದು ಅರ್ಧ ನಿಂತೈತೆ? ಕದ್ದು ತಿಂತೀಯ."

ಗಂಡ ಬೀರೇಶ ನಕ್ಕ. ಅವನು ನಗಬಾರದಿತ್ತು. ಒಬ್ಬರಾದರೂ ನಂಬಬೇಕಿತ್ತು.

ಜೂನ್ 10
ಅತ್ತೆ ಸ್ಟೇಷನ್ನಿಗೂ ಬಂದರು. ಪ್ಲಾಟ್‌ಫಾರ್ಮಿನ ಕಸವನ್ನೆಲ್ಲ ಪಾದ ಮುಚ್ಚುವ ಸೀರೆಯ ಅಂಚಿನಲ್ಲಿ ಗುಡಿಸಿಕೊಂಡು ಬಂದು, ನಾನು ಟಿಕೆಟ್ ಕೊಡುವ ಕೌಂಟರಿನ ಎದುರು ಕೂತು ನನ್ನ ಬಾಯನ್ನೇ ಕಾದರು. ಸಿಕ್ಕಿದ್ದು ಒಂದು ಸೌತೆಕಾಯಿ.

ಜುಲೈ 2
ಸಿಟ್ಟಿಗೆ ಬರೆದಿರಲಿಲ್ಲ. ವಾರ ಪೂರ್ತಿ ಬರೀ ಮಜ್ಜಿಗೆ. ಕಾಲಿಗೆ ಮೇಜು ತಾಗಿದರೂ ನೀಲಿ ಕಟ್ಟುತ್ತದೆ. ಇವತ್ತು ಕೌಂಟರಿನಲ್ಲೇ ತಲೆಸುತ್ತಿ ಬಿದ್ದೆ. ನಾಳೆ ದುರ್ಗಕ್ಕೆ, ಡಾಕ್ಟರ ಹತ್ತಿರ. ಅತ್ತೆಯೂ ಬರುತ್ತಾರಂತೆ, ಸಾಕ್ಷಿ ಹೇಳಲು.

ಜುಲೈ 3
ಡಾಕ್ಟರಮ್ಮ ಎರಡೂ ಕಾಲು ಒತ್ತಿ ನೋಡಿದರು. ಪಾದ ಸಣ್ಣ, ಕಾಲ್ಚೈನು ಕೂರುವ ಕಡೆ ಮಡಿಕೆ. "ಲಿಪೆಡೀಮಾ ಇದು, ಕಾಲಲ್ಲಿ ಕೊಬ್ಬು ತುಂಬೋ ಕಾಯಿಲೆ. ಊಟದಿಂದ ಬಂದ ಕೊಬ್ಬಲ್ಲಮ್ಮ, ಉಪವಾಸ ಮಾಡಿದ್ರೆ ಹೋಗೋದೂ ಇಲ್ಲ. ನಡೀರಿ, ನೋವಿಗೆ ಒಳ್ಳೇದು. ಊಟ ಮಾತ್ರ ಬಿಡಬ್ಯಾಡ್ರಿ."

ಅತ್ತುಬಿಟ್ಟೆ, ಖುಷಿಗೆ.

"ವಂಶದಲ್ಲಿ ಬರ್ತೈತೆ. ತವರಲ್ಲಿ ಯಾರಿಗಾದ್ರೂ ಐತಾ?" ಡಾಕ್ಟರಮ್ಮ ಕೇಳಿದರು.
ಅಪ್ಪ ಕಡ್ಡಿ, ಅಮ್ಮ ಕಡ್ಡಿ, ಯಾರಿಗೂ ಇಲ್ಲ ಅಂದೆ. ಅತ್ತೆ ಫ್ಯಾನು ನೋಡುತ್ತಿದ್ದರು.

ಜುಲೈ 4, ಸಂಜೆ
ಅತ್ತೆ ಹೋಳಿಗೆ ತಂದರು, ತುಪ್ಪ ಸಮೇತ. ಕೋಣೆಯ ಬಾಗಿಲು ಹಾಕಿದರು.
"ತಿನ್ನವ್ವ, ಎಣಿಸಿಲ್ಲ." ಪಕ್ಕದಲ್ಲೇ ಕೂತರು. "ನಲವತ್ತು ವರ್ಷ ಒಂದೊತ್ತೇ ಉಂಡೀನಿ. ಆದ್ರೂ ನಿಮ್ಮಾವ ಕದ್ದು ತಿಂತೀಯ ಅಂತಿದ್ದ."
ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದರು. ನನ್ನದೇ ಕಾಲು. ಅದೇ ಮಡಿಕೆ, ಅದೇ ನೀಲಿ ಕಲೆ.

ಅರ್ಧ ಹೋಳಿಗೆ ಮುರಿದು ಅವರ ಕೈಗಿಟ್ಟೆ. ತಿನ್ನುತ್ತಾ ಅಳುತ್ತಿದ್ದಾರೆ. ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೇನೆ, ನನ್ನ ಕಣ್ಣು ತಪ್ಪಿಸಿ ಕಣ್ಣೊರೆಸಿಕೊಳ್ಳಲಿ ಅಂತ.

ಬೀರೇಶ ಬಾಗಿಲು ಬಡಿಯುತ್ತಿದ್ದಾನೆ. "ಏನವ್ವಾ, ಇಬ್ರೂ ಬಾಗ್ಲು ಹಾಕ್ಕಂಡು ಕದ್ದು ತಿಂತಿದೀರಾ?"
ಅತ್ತೆ ಎದ್ದರು. ಪೊರಕೆ ಹುಡುಕುತ್ತಿದ್ದಾರೆ. ಮಂಚದ ಕೆಳಗಿದೆ ಅಂದೆ. ಸಿಕ್ಕಿತು. ಬಾಗಿಲು ತೆಗೆ—