'ಬಂದ್ರ ಬಂತು' ಅಂದವರು ಯಾರು?

ಅಪ್ಪಾ,

ನೀನು ಇದ್ದಿದ್ದರೆ ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖ ನೋಡಿ, "ಯಾರು ಹೇಳಿ ಕಳಿಸ್ಯಾರ ನಿನ್ನ?" ಅಂತಿದ್ದೆ. ಯಾರೂ ಕಳಿಸಿಲ್ಲ. ಬಬಲೇಶ್ವರದ ನನ್ನ ಗಂಡನ ಮನೆಯಲ್ಲಿ, ಒಲೆಯ ಪಕ್ಕ ಕೂತು ನಾನೇ ಬರೆಯುತ್ತಿದ್ದೇನೆ. ಇದೊಂದು ಸಲ ನಂಬು.

ಖಾಸಗಿ ಸರ್ವಿಸ್ ಗಾಡಿ ಬಿಟ್ಟು ಸರ್ಕಾರಿ ಬಸ್ಸಿಗೆ ಕಂಡಕ್ಟರ್ ಆದ ವರ್ಷ ನಿನಗೆ ನೆನಪಿದೆಯಾ? ಅವ್ವ ಕೆಂಡದ ಇಸ್ತ್ರಿಯಿಂದ ಖಾಕಿ ಅಂಗಿ ತೀಡಿಕೊಡುತ್ತಿದ್ದಳು. ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ನೀನು ನಡೆದರೆ ಕಟ್ಟೆಯ ಮೇಲೆ ಕೂತವರು ಕಾಲು ಎಳೆದುಕೊಳ್ಳುತ್ತಿದ್ದರು. ವಿಜಾಪುರದಿಂದ ತಿಕೋಟಾ, ಅಲ್ಲಿಂದ ಬಬಲೇಶ್ವರ, ಮತ್ತೆ ವಾಪಸು. ಗಾಡಿ ಹೊತ್ತಿಗೆ ಸರಿಯಾಗಿ ಬಂದದ್ದೇ ಕಡಿಮೆ. ಏರು ಬಂದರೆ ಎಂಜಿನ್ ಕುದಿಯುತ್ತಿತ್ತು, ಯಾರದೋ ಹೊಲದ ಬಾವಿಯಿಂದ ನೀರು ತಂದು ಹೊಯ್ಯಬೇಕಿತ್ತು. ಕಾದು ಕಾದು ಬೇಸತ್ತ ಜನ ಇಡೀ ಸರ್ಕಾರಿ ಸಾರಿಗೆಗೇ 'ಬಂದ್ರ ಬಂತು' ಅಂತ ಹೆಸರಿಟ್ಟರು. "ಸಂತಿಗೆ ಹೆಂಗ ಹೋಗ್ತಿ?" ಅಂದರೆ "ಬಂದ್ರಬಂತಿನ್ಯಾಗ" ಅನ್ನುವುದು ರೂಢಿಯಾಯಿತು. ಡ್ರೈವರ್ ಕೂಡ ನಕ್ಕುಬಿಟ್ಟ, ನೀನು ಮಾತ್ರ ನಗಲಿಲ್ಲ.

ನಗುವುದಾದರೂ ಹೇಗೆ? ನಮ್ಮ ಸೀಮೆಯಲ್ಲಿ ಅಡ್ಡಹೆಸರು ಒಮ್ಮೆ ಅಂಟಿತೆಂದರೆ ಮುಗಿಯಿತು. ಮೆಣಸಿನಕಾಯಿ ಮಾರಿದವನ ಮರಿಮಕ್ಕಳೂ ಮೆಣಸಿನಕಾಯಿಯವರೇ. "ಇವತ್ತ ಗಾಡಿಗೆ ಅಂತಾರ, ನಾಳೆ ನನಗ ಅಂತಾರ, ನಾಡಿದ್ದ ನನ್ನ ಮೊಮ್ಮಕ್ಕಳಿಗೆ ಅಂತಾರ" ಅಂದೆ ನೀನು. ಅದು ಸುಳ್ಳಾಗಲಿಲ್ಲ. ಅರಕೇರಿಯ ಮುದುಕಿಯೊಬ್ಬಳು ಬಜಾರಿನಲ್ಲಿ ನನ್ನನ್ನು ತಡೆದು, "ಬಂದ್ರಬಂತು ಮಲ್ಲಪ್ಪನ ಮಗಳಲ್ಲೇನ ಬೇ ನೀ?" ಅಂದಳು. ಅವತ್ತಿನಿಂದ ಮನೆಯಲ್ಲಿ 'ಬಂತು' ಅನ್ನುವ ಮಾತೇ ನಿಂತಿತು. ಭೂತನಾಳ ಕೆರೆಯ ನೀರು ನಳಕ್ಕೆ ಬಂದರೆ ಅವ್ವ "ನೀರು ಬಿಟ್ಟಾರ" ಅಂತ ಕೂಗುತ್ತಿದ್ದಳು. ಯಾರಾದರೂ ಆಕಾಶ ನೋಡಿ "ಮಳಿ ಬಂತು" ಅಂದರೂ ನೀನು ಗಕ್ಕನೆ ತಿರುಗಿ ನೋಡುತ್ತಿದ್ದೆ.

ಟಿಕೀಟು ಹರಿಯುತ್ತಿದ್ದದ್ದು ಮುಂದಿನ ಸೀಟಿನವರಿಗೆ, ಕಿವಿ ಇರುತ್ತಿದ್ದದ್ದು ಹಿಂದಿನ ಸೀಟಿನಲ್ಲಿ. ಮೊದಲು ಸಾಲಿ ಮಾಸ್ತರರ ಮೇಲೆ ಗುಮಾನಿ, ಆಮೇಲೆ ಎಣ್ಣೆ ವ್ಯಾಪಾರಿಯ ಮೇಲೆ. ಕೊನೆಗೆ ತಿಕೋಟಾದ ಗುರಪ್ಪ ಕಾಕಾನ ಮೇಲೆ. ನಿನ್ನ ಜೊತೆ ಗೋಲಿ ಆಡಿ ಬೆಳೆದವನು, ಬಸ್ಸು ನಿಲ್ಲುವಲ್ಲೇ ಚಹಾದ ಅಂಗಡಿ ಇಟ್ಟವನು, ನನಗೆ ಬಬಲೇಶ್ವರದ ಸಂಬಂಧ ತಂದವನೂ ಅವನೇ. "ಕಾಯೋ ಮಂದಿ ಕುಂಡ್ರೂದು ಅವನ ಬಾಕಿನ ಮ್ಯಾಲ. ಹೆಸರು ಮತ್ತೆಲ್ಲಿ ಹುಟ್ಟತೈತಿ?" ಅಂದೆ. ಒಂದು ದಿನ ಜನರ ಎದುರೇ ಕೇಳಿದೆ: "ಖರೇ ಹೇಳಲೇ ಗುರಪ್ಪ, ನೀನ ಇಟ್ಟಿ ಹೌದಲ್ಲ?" ಅವನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. "ಚಾ ಆರತೈತಿ, ಕುಡಿಯೋ ಮಲ್ಲಪ್ಪ" ಅಂದ. ನಿನಗೆ ಅಷ್ಟೇ ಸಾಕಾಯಿತು. ಸುಮ್ಮನಿದ್ದಾನೆ ಅಂದರೆ ಅವನೇ, ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಎಷ್ಟೆಂದರೂ ನಿನ್ನ ಮಗಳು.

ನನ್ನ ಮದುವೆಯ ದಿನ ಅವನು ಹಂದರದ ಹೊರಗೆ ನಿಂತು ಅಕ್ಕಿಕಾಳು ಹಾಕಿದ. ಸಂಬಂಧ ಕೂಡಿಸಿದವನಿಗೇ ಎಲೆ ಹಾಕಲಿಲ್ಲ. "ಉಂಡು ಹೋಗಂತ ಯಾರೂ ಅನ್ನಬ್ಯಾಡ್ರಿ" ಅಂತ ನೀನು ಹಲ್ಲು ಕಚ್ಚಿ ಹೇಳಿದ್ದು ಬಾಸಿಂಗ ಕಟ್ಟಿಕೊಂಡು ಕೂತ ನನಗೂ ಕೇಳಿಸಿತು. ಅವನಿಗೆ ಕೇಳಿಸದೆ ಇದ್ದೀತಾ...

ಈ ಮನೆಗೆ ಬಂದ ಮೇಲೆ ನನ್ನ ಗುಮಾನಿಯೆಲ್ಲ ಅತ್ತೆಯ ಮೇಲೆ. ಬಸ್ಸಿನ ಮಾತು ತೆಗೆದರೆ ಸಾಕು, ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನಮ್ಮ ಮನೆತನ ಇವಳಿಗೆ ನಾಚಿಕೆ ಅಂತ ಒಳಗೊಳಗೇ ಉರಿದುಕೊಂಡೆ. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿ, "ಆ ಹೆಸರು ಇಟ್ಟಾಕಿ ನಾನ ಬೇ" ಅಂದಳು.

ಅವಳ ತವರು ತಿಕೋಟಾ. ನನ್ನ ಸಣ್ಣ ಮೈದುನ ಆಗ ಎಳೆಗೂಸು, ಮೈ ಕಾದ ಹಂಚಾಗಿತ್ತಂತೆ. ವಿಜಾಪುರದ ದವಾಖಾನೆಗೆ ಒಯ್ಯಬೇಕೆಂದು ಗುರಪ್ಪ ಕಾಕಾನ ಬಾಕಿನ ಮೇಲೆ ಕಾದು ಕೂತಿದ್ದಾಳೆ. "ಗಾಡಿ ಯಾವಾಗ ಬರತೈತಿ?" ಅಂತ ಯಾರೋ ಕೇಳಿದ್ದಕ್ಕೆ ಸಂಕಟದಲ್ಲಿ "ಬಂದ್ರ ಬಂತು, ಇಲ್ಲಾಂದ್ರ ಇಲ್ಲ" ಅಂದಿದ್ದಾಳೆ. ಕೂತ ಜನ ನಕ್ಕು ಅದನ್ನೇ ಎತ್ತಿಕೊಂಡರು.

"ಮತ್ತ ಕಾಕಾ ಯಾಕ ಸುಮ್ಮನಿದ್ರು?" ಅಂದೆ.

"ನಾನ ಹೇಳ್ತೀನಿ ಅಂದೆ, ಬಿಡಲಿಲ್ಲ. 'ತಂಗಿ, ಮಲ್ಲಪ್ಪಗ ಗೊತ್ತಾದ್ರ ನಿಮ್ಮ ಮನಿಗೆ ಹೆಣ್ಣು ಕೊಡೂದಿಲ್ಲ, ಮದುವಿ ಆಗಲಿ' ಅಂದ. ಮದುವಿ ಆದಮ್ಯಾಲೆ ಕೇಳಿದ್ರ, 'ಈಗಂತೂ ಬ್ಯಾಡ. ಬೀಗರು ಜಗಳಾಡಿದ್ರ ಹುಡುಗಿಗೆ ತವರು ತಪ್ಪತೈತಿ' ಅಂದ. ಬೈಸಿಕೊಂಡ, ಹಂಗ ಇದ್ದ."

ಅಪ್ಪಾ, ನನಗೆ ನಿನ್ನ ಮೇಲೆ ಸಿಟ್ಟು ಬಂತು. ಅತ್ತೆಯ ಮೇಲೆ ಬರಲಿಲ್ಲ, ನಿನ್ನ ಮೇಲೆ ಬಂತು. ಎಷ್ಟು ಜನರ ಬಾಯಿಗೆ ಕಿವಿ ಕೊಟ್ಟೆ ನೀನು! ಗೆಳೆಯನ ಮುಖವನ್ನು ಒಮ್ಮೆ ನೆಟ್ಟಗೆ ನೋಡಿದ್ದರೆ...

ನಿನ್ನೆ ತಿಕೋಟಾದಲ್ಲಿ ಇಳಿದೆ. ಗುರಪ್ಪ ಕಾಕಾನ ಕಣ್ಣು ಮಂಜಾಗಿದೆ, ದನಿಯಿಂದ ನನ್ನನ್ನು ಗುರುತಿಸಿದ. ನನಗೆಲ್ಲ ಗೊತ್ತಾಗಿದೆ ಅಂತ ಹೇಳಿದೆ. ಅದನ್ನು ಕಿವಿಗೇ ಹಾಕಿಕೊಳ್ಳದವನ ಹಾಗೆ ಒಲೆ ಊದಿದ. ಚಹಾ ಕೊಟ್ಟು ಒಂದೇ ಮಾತು ಕೇಳಿದ: "ಹೋಗೂ ಮುಂದ ನಿಮ್ಮಪ್ಪ ನನ್ನ ಹೆಸರು ಏನರ ತಗದಿದ್ದನೇನವಾ?"

ಕೊನೆಯ ದಿನ ನೀನು ಅವ್ವನ ಕೈ ಹಿಡಿದು ಏನಂದೆ ಅಂತ ನಿನಗೆ ಗೊತ್ತು. "ಆ ಗುರಪ್ಪ ಬಂದ್ರ ಹೊಸ್ತಿಲಾ ದಾಟಿಸಬ್ಯಾಡ್ರಿ" ಅಂದಿದ್ದೆ.

"ತಗದಿದ್ದ ಕಾಕಾ" ಅಂದೆ.

ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡ. ಏನಂತ ತೆಗೆದಿದ್ದ ಅಂತ ಕೇಳಲಿಲ್ಲ. ಇನ್ನು ಅವನೂ ಬಹಳ ದಿನದವನಲ್ಲ. ಅಲ್ಲಿಗೆ ಬಂದು ನಿನ್ನನ್ನೇ ಕೇಳಿದರೆ ಏನು ಹೇಳಬೇಕು ಅನ್ನುವುದನ್ನು ಈಗಿನಿಂದಲೇ ಯೋಚನೆ ಮಾಡಿಟ್ಟುಕೋ ಅಪ್ಪಾ.

ನಿನ್ನ ಮಗಳು,
ಶಾಂತವ್ವ