ಅವ್ವನ ಭರಣಿಯ ಜೇನು

ಹುಲ್ಲಹಳ್ಳಿ
ಪ್ಲವಂಗ ಸಂವತ್ಸರದ ಮಾರ್ಗಶಿರ ಶುದ್ಧ ಪಂಚಮಿ

ತಂಗಿ ಸಾಕಮ್ಮನಿಗೆ ಅಕ್ಕ ದೇವೀರಮ್ಮನ ಆಶೀರ್ವಾದ. ಇದನ್ನು ನಿನಗೆ ಓದಿ ಹೇಳುತ್ತಿರುವ ಮದುವಣಗಿತ್ತಿ ಚನ್ನಾಜಮ್ಮನಿಗೆ ದೊಡ್ಡವ್ವನ ಮುತ್ತು.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಬತ್ತದ ಒಕ್ಕಣೆ ಮುಗಿಯುವವರೆಗೆ ಕೈಗೆ ಬಿಡುವಿರಲಿಲ್ಲ. ಬಿಡುವಾಯಿತೆಂದು ಕೂತರೆ, ಕೆಮ್ಮು ಬಂದು ಎರಡು ಹಾಳೆಯ ಮೇಲೆ ಮಸಿ ಚೆಲ್ಲಿದೆ. ಇದು ಮೂರನೆಯದು. ನಿನ್ನ ಭಾವ ಇದ್ದಿದ್ದರೆ ಅವರೇ ಬರೆದುಕೊಡುತ್ತಿದ್ದರು. ಅವರು ಹೋಗಿ ದೀಪಾವಳಿಗೆ ವರ್ಷ ತುಂಬಿತು. ಹಟ ಹಿಡಿದು ನನಗೆ ನಾಲ್ಕಕ್ಷರ ಕಲಿಸಿದ್ದು ಈಗ ಉಪಯೋಗಕ್ಕೆ ಬರುತ್ತಿದೆ.

ಚನ್ನಾಜಿಯ ಮದುವೆ ಮಾಘ ಶುದ್ಧ ದಶಮಿಗೆ ಗೊತ್ತಾಯಿತು, ಗಂಡು ತಲಕಾಡಿನ ಕಡೆಯವನು ಎಂದು ಓದಿ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಅದರ ಕೆಳಗೆ ನೀನು ಬರೆಸಿದ್ದ ಇನ್ನೊಂದು ಮಾತೂ ಇತ್ತು. "ಅಕ್ಕ, ನಿನ್ ಗಂಟ್ಲು ಸರಿಯಿಲ್ಲ. ಈ ಮದ್ವೇಲಿ ಸೋಬಾನೆ ಆಡಕ್ಕೆ ಓಗ್ಬೇಡ. ಒಳಗೆ ಸುಮ್ನೆ ಕೂತ್ಕೊಂಡು ಸುದಾರಿಸ್ಕೊ." ನಿನ್ನ ಬಾಯಲ್ಲಿ ಬಂದದ್ದನ್ನು ಚನ್ನಾಜಿ ಹಾಗೆ ಹಾಗೆಯೇ ಬರೆದಿದ್ದಾಳೆ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಯಾಕೆಂದು ಈಗ ಬೇಡ.

ಗಂಟಲು ಕೆಟ್ಟಿರುವುದು ನಿಜ. ಒಕ್ಕಣೆಯ ಧೂಳು, ಮಂಜು, ಎರಡೂ ಸೇರಿ ದನಿ ಒಡೆದ ಮಡಕೆಯಂತಾಗಿದೆ. ಆದರೆ ಸಾಕಮ್ಮ, ಈ ಸುತ್ತಿನ ಊರುಗಳಲ್ಲಿ ಹಸೆಗೆ ಕೂರಿಸುವಾಗ, ಧಾರೆಯಾಗುವಾಗ, ಹೆಣ್ಣು ಒಪ್ಪಿಸುವಾಗ ಇಷ್ಟು ವರ್ಷ ಸೋಬಾನೆ ಹಾಡಿದವಳು ನಾನು. ಕಂಡವರ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಕಳಿಸಿಕೊಟ್ಟು, ನನ್ನ ತಂಗಿಯ ಮಗಳಿಗೆ ಬಾಯಿ ಮುಚ್ಚಿಕೊಂಡು ಕೂರಲೇ? ಐದು ವರ್ಷದವಳಿದ್ದಾಗ ಚನ್ನಾಜಿ ನನ್ನ ಸೆರಗು ಹಿಡಿದುಕೊಂಡು, ನನ್ನ ಮದುವೆಗೂ ನೀನೇ ಹಾಡಬೇಕು ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಅವಳಿಗೆ ನೆನಪಿಲ್ಲದಿದ್ದರೂ ನನಗಿದೆ. ಗಂಟಲು ತಾನೇ? ಸರಿಮಾಡಿಕೊಳ್ಳುತ್ತೇನೆ. ಎರಡು ತಿಂಗಳಿದೆ.

ಇನ್ನು ಗಂಟಲಿಗೆಂದು ನೀನು ಕಳಿಸಿದ ಜೇನು. ಬತ್ತಿ ಅದ್ದಿ ಹಚ್ಚಿದೆ, ಚಟಪಟ ಎಂದು ಆರಿಹೋಯಿತು. ನೀರಿಗೆ ಒಂದು ಹನಿ ಬಿಟ್ಟೆ, ತಳಕ್ಕೆ ಹೋಗುವ ಮೊದಲೇ ಕರಗಿಹೋಯಿತು. ಯಾರೋ ಪುಣ್ಯಾತ್ಮ ಬೆಲ್ಲದ ಪಾಕಕ್ಕೆ ನಾಲ್ಕು ಸತ್ತ ಜೇನುನೊಣ ಹಾಕಿ ನಿನ್ನ ತಲೆಗೆ ಕಟ್ಟಿದ್ದಾನೆ. ಪಾಯಸಕ್ಕೆ ಸುರಿದೆ, ಚೆನ್ನಾಗಿಯೇ ಇತ್ತು. ಮದುವೆಯ ಒಡವೆ ಕೊಳ್ಳುವಾಗ ಮಾತ್ರ ನೀನೊಬ್ಬಳೇ ಹೋಗಬೇಡ.

ಸಂತೆಗೆ ಬರುವ ಕಲ್ಲಯ್ಯ ಗೊತ್ತಲ್ಲ, ಕಾಡಂಚಿನಿಂದ ಜೇನು ತರುವವನು. ಕೆಮ್ಮಿಗೆ ಹೊಸ ಜೇನಿಗಿಂತ ಹಳೆಯದೇ ಮೇಲು ಎಂದ. ಮನೆಯಲ್ಲಿ ಹಳೆಯದಿದೆಯೇ ಎಂದು ಕೇಳಿದ. ಇದೆ. ಅವ್ವನ ಪೆಟ್ಟಿಗೆಯಲ್ಲಿದ್ದ ಭರಣಿ. ಅವಳು ಹೋದಾಗ ಒಮ್ಮೆ ನೋಡಿ ಬಾಯಿಗೆ ಬಟ್ಟೆ ಕಟ್ಟಿಟ್ಟವಳು, ಎಂಟು ವರ್ಷವಾದರೂ ಅದನ್ನು ಬಿಚ್ಚಿರಲಿಲ್ಲ. ಇವತ್ತು ಬಿಚ್ಚಿದೆ. ಜೇನು ಕಪ್ಪಗಾಗಿ ತಳದಲ್ಲಿ ಸಕ್ಕರೆಯಂತೆ ಗಟ್ಟಿಯಾಗಿದೆ. ಬತ್ತಿ ಅದ್ದಿ ಹಚ್ಚಿದರೆ ನಿಶ್ಚಿಂತೆಯಾಗಿ ಉರಿಯಿತು. ನಾಳೆಯಿಂದ ಶುರು.

ನಿನ್ನ ಅಕ್ಕ,
ದೇವೀರಮ್ಮ


ಹುಲ್ಲಹಳ್ಳಿ
ಪುಷ್ಯ ಶುದ್ಧ ಸಪ್ತಮಿ

ತಂಗಿಗೆ ಆಶೀರ್ವಾದ.

ನಿನ್ನ ಎರಡನೆಯ ಕಾಗದ ಬಂತು. ಗಂಟಲು ವಾಸಿಯಾದರೂ ಮಾಘದ ಚಳಿಯಲ್ಲಿ ಗಾಡಿಯ ಪ್ರಯಾಣ ಬೇಡ, ಧಾರೆ ಮುಗಿದ ಮೇಲೆ ನಿಧಾನವಾಗಿ ಬಂದು ಮಕ್ಕಳನ್ನು ಹರಸಿ ಹೋಗು ಎಂದು ಬರೆಸಿದ್ದೀಯೆ. ನನ್ನ ಮೇಲೆ ಇಷ್ಟೊಂದು ಕಾಳಜಿ ನಿನಗೆ ಯಾವಾಗ ಬಂತು? ಚಿಕ್ಕವಳಿದ್ದಾಗ ಮೈ ಕೊರೆಯುವ ಚಳಿಯಲ್ಲಿ ನನ್ನ ಕಂಬಳಿ ಎಳೆದುಕೊಂಡು ಮಲಗುತ್ತಿದ್ದವಳು ನೀನು.

ನನ್ನ ದಿನಚರಿ ಕೇಳು. ಬೆಳಿಗ್ಗೆ ಎರಡು ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಒಂದು ಚಮಚ ಜೇನಿನ ಜೊತೆ ಕಲಸಿಕೊಳ್ಳುತ್ತೇನೆ. ಮಧ್ಯಾಹ್ನ ಜೇನಿಗೆ ಮೆಣಸಿನಪುಡಿ. ಅದನ್ನು ಗಬಕ್ಕನೆ ನುಂಗಬಾರದು, ಸ್ವಲ್ಪ ಸ್ವಲ್ಪವೇ ನೆಕ್ಕಬೇಕು, ಮೇಲೆ ನೀರು ಕುಡಿಯಬಾರದು. ಸಂಜೆ ಶುಂಠಿ ರಸದ ಜೊತೆ. ಜೇನನ್ನು ಒಲೆಯ ಮೇಲಿಟ್ಟು ಕಾಯಿಸಿದರೆ ನಿಮ್ಮ ಮನೆಗೆ ಮತ್ತೆ ಕಾಲಿಡುವುದಿಲ್ಲ ಎಂದು ಕಲ್ಲಯ್ಯ ಹೆದರಿಸಿ ಹೋಗಿದ್ದಾನೆ. ಹುಣಿಸೆಹುಳಿ ಬಿಟ್ಟೆ, ಮೊಸರು ಬಿಟ್ಟೆ. ಆಳುಗಳ ಮೇಲೆ ಕೂಗುವುದನ್ನೂ ಬಿಟ್ಟಿದ್ದೇನೆ. ನಾನು ಮೆಲ್ಲಗೆ ಮಾತಾಡುವುದನ್ನು ಕಂಡು ಅವರಿಗೆ ಮೊದಲಿಗಿಂತ ಹೆಚ್ಚು ಭಯವಾಗಿದೆ.

ಸುಮ್ಮನೆ ನನ್ನ ವೈದ್ಯವನ್ನೇ ನಂಬಿಕೊಂಡು ಕೂತಿಲ್ಲ. ನಂಜನಗೂಡಿನ ಆಸ್ಪತ್ರೆಗೂ ಹೋಗಿದ್ದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಒಳಗೆ ಏನೂ ತೊಂದರೆಯಿಲ್ಲ ಎಂದರು. ಜೇನು ತಿನ್ನುತ್ತಿದ್ದೇನೆ ಎಂದೆ. ತಿನ್ನಿ, ಗಂಟಲಿಗೆ ಹಿತವಾಗುತ್ತದೆ, ಜ್ವರ ಬಂದರೆ ಮಾತ್ರ ತಡಮಾಡದೆ ಬನ್ನಿ ಎಂದರು. ಜ್ವರ ಬರಲಿಲ್ಲ.

ಮೊದಲ ಹತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಮ್ಮು ಕಡಿಮೆಯಾಯಿತು. ಹೋದ ಸೋಮವಾರ ನಾಲೆಯ ಏರಿಯ ಮೇಲೆ ಯಾರೂ ಇಲ್ಲದಾಗ ಹಸೆಯ ಪದ ಎತ್ತಿದೆ. ಮೇಲಿನ ದನಿಗೆ ಹೋದಾಗ ಒಂದು ಕಡೆ ಸಿಕ್ಕಿಕೊಂಡಿತು, ಬಿಡಲಿಲ್ಲ, ಮತ್ತೆ ಎತ್ತಿದೆ. ಮೂರನೆಯ ಸಲಕ್ಕೆ ಬಂತು. ಅಲ್ಲೇ ಕೂತು ಅತ್ತುಬಿಟ್ಟೆ, ಸಾಕಮ್ಮ. ನಿನ್ನ ಭಾವ ಹೋದ ಮೇಲೆ ನನ್ನದು ಎಂದು ಉಳಿದಿರುವುದು ಈ ದನಿಯೊಂದೇ.

ಚಳಿಗೆ ಕಂಬಳಿ ಹೊದ್ದು ಬರುತ್ತೇನೆ. ನೀನು ಚಿಂತೆ ಮಾಡಬೇಡ.

ದೇವೀರಮ್ಮ


ಹುಲ್ಲಹಳ್ಳಿ
ಮಾಘ ಶುದ್ಧ ಬಿದಿಗೆ

ತಂಗಿ ಸಾಕಮ್ಮನಿಗೆ,

ನಿಮ್ಮ ಪಕ್ಕದ ಮನೆಯ ವಿಶಾಲಮ್ಮ ನಂಜನಗೂಡಿಗೆ ದೇವರ ದರ್ಶನಕ್ಕೆ ಬಂದವಳು ಇಲ್ಲಿಯ ನೆಂಟರ ಮನೆಗೂ ಬಂದಿದ್ದಳು. ನನ್ನನ್ನು ನೋಡಿಕೊಂಡು ಹೋಗಲು ಬಂದಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನನ್ನ ಗಂಟಲು ವಾಸಿಯಾಯಿತು, ಮದುವೆಗೆ ಬಂದು ಹಾಡುತ್ತೇನೆ ಎಂದೆ. ಅವಳು ತಲೆ ತಗ್ಗಿಸಿ ತಾಂಬೂಲದ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಳು. ಬಿಡದೆ ಕೇಳಿದೆ.

"ಗಂಡಿನ್ ಕಡೆಯೋರು ನಿಮ್ಮನ್ನೇ ಕೇಳುದ್ರು ಕಣವ್ವಾ, ಉಲ್ಲಳ್ಳಿ ದೇವೀರಮ್ಮನೇ ಆಡ್ಲಿ ಅಂತ. ನಿಮ್ ತಂಗೀನೇ ಬ್ಯಾಡ ಅಂದ್ಲು. ಕುಂಕುಮ ಇಲ್ದೋಳು ಅಸೆ ಮುಂದೆ ಕೂತು ಆಡುದ್ರೆ ಮಗೀಗೆ ಒಳ್ಳೇದಾಗಕಿಲ್ಲ ಅಂತ."

ಬೀಗರು ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಅವರು ಹೊರಗಿನವರು, ಜಗಳವಾಡಬಹುದಿತ್ತು. ನೀನು ಹೇಳಿದ್ದು ಎಂದು ತಿಳಿದು ಎರಡು ದಿನ ಅನ್ನ ಸೇರಲಿಲ್ಲ. ನಿನ್ನ ಮೇಲೆ ಬಂದ ಸಿಟ್ಟಿನಲ್ಲಿ ಮದುವೆಗೇ ಹೋಗುವುದಿಲ್ಲ ಎಂದುಕೊಂಡೆ. ಆಮೇಲೆ, ಹೋಗದಿದ್ದರೆ ನಿನಗೆ ಅನುಕೂಲವೇ ಆಗುತ್ತದೆ ಎಂದು ಹೊಳೆಯಿತು.

ಆದ್ದರಿಂದ ಬರುತ್ತೇನೆ. ಅಷ್ಟಮಿಯ ಬೆಳಿಗ್ಗೆ ಬೆಟ್ಟಯ್ಯನ ಗಾಡಿಯಲ್ಲಿ ಹೊರಡುತ್ತೇನೆ. ನಂಜನಗೂಡಿನಲ್ಲಿ ಇಳಿದುಕೊಂಡು, ನವಮಿಯ ಸಂಜೆಗೆ ನಿಮ್ಮ ಬಾಗಿಲಲ್ಲಿರುತ್ತೇನೆ. ಗಂಟಲಿನ ಮಾತು ಇನ್ನು ಎತ್ತಬೇಡ, ಅದು ಗಂಟೆಯಂತಿದೆ. ಕುಂಕುಮದ ಮಾತು ಎತ್ತುವುದಾದರೆ ನನ್ನ ಮುಖ ನೋಡಿ ಎತ್ತು. ಮಗುವಿಗೆ ಕೆಟ್ಟದಾಗುತ್ತದೆ ಎನ್ನುವ ಭಯ ನಿನ್ನ ಹೊಟ್ಟೆಯಲ್ಲಿ ಇರುವುದು ನಿಜವೇ ಇರಬಹುದು, ತಾಯಿಗೆ ಭಯ ಸಹಜ. ಆದರೆ ನಾನು ಎತ್ತಿ ಆಡಿಸಿದ ಮಗುವಿಗೆ ನನ್ನ ಬಾಯಿಂದ ಕೆಟ್ಟದು ಹೇಗೆ ಬರುತ್ತದೆ, ನೀನೇ ಹೇಳು. ಎರಡು ವರ್ಷದ ಹಿಂದೆ ಇದೇ ಬಾಯಿ ಇರಲಿಲ್ಲವೇ?

ಚನ್ನಾಜಿಗೆ ಕೆಂಪು ಅಂಚಿನ ಸೀರೆ ತರುತ್ತಿದ್ದೇನೆ. ನೀವೆಲ್ಲರೂ ತಣ್ಣಗಿರಿ. ದಂಪತಿಗಳ ಮನೆಯಲ್ಲಿ ಹಾಲು ಉಕ್ಕಲಿ, ಮಕ್ಕಳು ಆಡಲಿ.

ಹಾಡಲಿಕ್ಕೆ ಬರುತ್ತಿರುವ ನಿನ್ನ ಅಕ್ಕ,
ದೇವೀರಮ್ಮ

ಮತ್ತೆ ಬರೆಯುವುದೇನೆಂದರೆ,

ಸಹಿ ಹಾಕಿ ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಚನ್ನಾಜಿ, ಇದನ್ನೂ ಬಿಡದೆ ಓದು. ನಿಮ್ಮವ್ವನ ಮೇಲೆ ಸಿಟ್ಟಾಗಬೇಡ. ಗಂಟಲು ಸರಿಯಿಲ್ಲ, ಒಳಗೆ ಕೂತುಕೋ ಎನ್ನುವ ಮಾತು ಅವಳು ಹುಟ್ಟಿಸಿದ್ದಲ್ಲ. ಅವಳ ಮದುವೆಯ ದಿನ ನಾನು ನಮ್ಮವ್ವನಿಗೆ ಹೇಳಿದ್ದು ಅದು.

ಆಗ ಅಪ್ಪ ಹೋಗಿ ಎರಡು ವರ್ಷವಾಗಿತ್ತು. ನನಗೆ ಬರುವ ಸೋಬಾನೆಯೆಲ್ಲ ಅವ್ವ ಕಲಿಸಿದ್ದು. ಹಸೆಯ ಮುಂದೆ ಕೂರಲು ಬಂದವಳಿಗೆ, ಹಸೆಯ ಮೇಲಿದ್ದ ನಿಮ್ಮವ್ವನ ಎದುರಿಗೇ, ನಾಲ್ಕು ಜನ ಮುತ್ತೈದೆಯರು ನೋಡುತ್ತಾರೆಂದು ಹೆದರಿ ಹಾಗೆ ಹೇಳಿಬಿಟ್ಟೆ. ಅವ್ವನಿಗೆ ಕೆಮ್ಮೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ನನ್ನ ಮುಖವನ್ನೇ ನೋಡಿದಳು. "ಊ ಕಣವ್ವಾ, ಯಾಕೋ ಗಂಟ್ಲು ಕಟ್ದಂಗದೆ" ಎಂದಳು. ಎದ್ದು ಹೋಗಿ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಪಕ್ಕ ಕೂತಳು.

ಅಂದಿನಿಂದ ಅವ್ವ ಯಾವ ಮದುವೆಯಲ್ಲೂ ಹಾಡಲಿಲ್ಲ. ಯಾರು ಕೇಳಿದರೂ ಗಂಟಲು ಸರಿಯಿಲ್ಲ ಎಂದೇ ಹೇಳಿದಳು. ನನ್ನ ಮಾನ ಉಳಿಯಲೆಂದು ನನ್ನ ಸುಳ್ಳನ್ನು ಒಂಬತ್ತು ವರ್ಷ ಅವಳು ಹೊತ್ತಳು. ನಾನು ಏನು ಮಾಡಿದೆ ಗೊತ್ತೇ? ಪ್ರತಿ ದೀಪಾವಳಿಗೂ ಗಂಟಲಿಗೆಂದು ಜೇನು ಕಳಿಸಿದೆ. ಅವಳು ತೀರಿಕೊಂಡ ಮೇಲೆ ಪೆಟ್ಟಿಗೆ ತೆಗೆದಾಗ, ಕಳಿಸಿದ್ದೆಲ್ಲ ಒಂದೇ ಭರಣಿಯಲ್ಲಿ ಬಾಯಿಯವರೆಗೆ ತುಂಬಿತ್ತು. ಒಂದು ಬೆರಳೂ ಅದ್ದಿರಲಿಲ್ಲ. ಈ ಎರಡು ತಿಂಗಳು ನನ್ನ ಗಂಟಲನ್ನು ವಾಸಿ ಮಾಡಿದ್ದು ಆ ಜೇನು. ಪ್ರತಿ ದಿನ ನೆಕ್ಕುವಾಗಲೂ ಅವ್ವನ ಮುಖ ಕಣ್ಣಮುಂದೆ ಬರುತ್ತಿತ್ತು.

ಸಾಕಮ್ಮ, ನೀನು ಆ ಮಾತನ್ನು ನನ್ನಿಂದಲೇ ಕಲಿತೆ. ಅದಕ್ಕೇ ನಿನ್ನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗುತ್ತಿಲ್ಲ. ಆದರೆ ಅವ್ವನ ಹಾಗೆ ಎದ್ದು ಹೋಗುವುದೂ ನನ್ನಿಂದ ಆಗುವುದಿಲ್ಲ. ನಾನು ಎದ್ದು ಹೋದರೆ ನಾಳೆ ಚನ್ನಾಜಿ ನಿನಗೆ ಇದೇ ಮಾತು ಹೇಳುತ್ತಾಳೆ. ಹಸೆಯ ಮುಂದೆ ಜಾಗ ಕೊಟ್ಟರೆ ಅಲ್ಲಿ ಕೂತು ಹಾಡುತ್ತೇನೆ. ಉಗ್ರಾಣ ತೋರಿಸಿದರೆ ಅಲ್ಲಿಂದಲೇ ಹಾಡುತ್ತೇನೆ, ಚಪ್ಪರದ ಕೊನೆಯವರೆಗೆ ಕೇಳುತ್ತದೆ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಪದ ಹಾಡುವಾಗ ನಡುವೆ ನಾನು ಒಂದು ಸೊಲ್ಲು ಮರೆತೆ. ಉಗ್ರಾಣದ ಬಾಗಿಲ ಕಡೆ ನೋಡಿದೆ. ಅವ್ವನಿಗೆ ಅದು ಗೊತ್ತಿತ್ತು, ಅವಳು ಹೇಳಲಿಲ್ಲ. ಆಮೇಲೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಸೊಲ್ಲು ಅವಳ ಜೊತೆಗೇ ಹೋಯಿತು. ಚನ್ನಾಜಿಯನ್ನು ಒಪ್ಪಿಸುವಾಗ ಆ ಜಾಗ ಬಂದರೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಗಂಟಲು ಕಟ್ಟಿತು ಎಂದುಕೊಂಡು ಯಾರೂ ನನಗೆ ಜೇನು ತರಬೇಡಿ.